ನೆರೆಮನೆಯಿಂದ ಬಂದ ತಟ್ಟೆ

ನೆರೆಮನೆಯಿಂದ ಬಂದ ಹಬ್ಬದ ತಿಂಡಿಯನ್ನು ನಗುನಗುತ್ತಾ ಇಸಕೊಂಡು, ಆಮೇಲೆ ಹಿತ್ತಿಲಲ್ಲಿ ಕಾಗೆಗೆ ಹಾಕಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನು ಹಾಕಿದ್ದೇನೆ. ಒಂದಲ್ಲ, ನಾಲ್ಕು ವರ್ಷ.

ಅಂಕೋಲೆಯ ಪಕ್ಕದ ಕೇಣಿಗೆ ನಾನು ಸೊಸೆಯಾಗಿ ಬಂದಾಗ ಬೇಲಿಯಾಚೆ ಒಬ್ಬ ಅಕ್ಕೋರು ಇದ್ದರು. ಮಂಗಳೂರು ಕಡೆಯ ಕ್ರೈಸ್ತರು, ಶಾಲೆಯಲ್ಲಿ ಕಲಿಸುತ್ತಿದ್ದರು. ಕ್ರಿಸ್‌ಮಸ್ ಬಂತೆಂದರೆ ಬಿಳಿ ಬಟ್ಟೆ ಮುಚ್ಚಿದ ತಟ್ಟೆ ನಮ್ಮ ಮನೆಗೆ ಬಂದೇ ಬರುತ್ತಿತ್ತು. “ಅವ್ರು ಎಂತಾ ಎಣ್ಣೆಯಲ್ಲಿ ಕರೀತಾರೋ ಏನೋ, ತಿನ್ಬೇಡ” ಎಂದರು ಅತ್ತೆ. ಆದರೆ ತಪ್ಪನ್ನೆಲ್ಲ ಅತ್ತೆಯ ತಲೆಗೆ ಕಟ್ಟಲಾರೆ. ಬಾವಿಕಟ್ಟೆಯಲ್ಲಿ ನಾಲ್ಕು ಹೆಂಗಸರ ಮುಂದೆ ಆ ಮಾತಿಗೆ ಉಪ್ಪುಖಾರ ಹಚ್ಚಿ, “ಹಂದಿಯ ಕೊಬ್ಬಿನಲ್ಲಿ ಕರೀತಾರಂತೆ” ಎಂದವಳು ನಾನೇ.

ಐದನೆಯ ವರ್ಷ ಏನೋ ಕೆಲಸಕ್ಕೆಂದು ಅವರ ಮನೆಗೆ ಹೋದೆ. ಅಕ್ಕೋರು ಒಲೆಯ ಮುಂದಿದ್ದರು. ಬಾಣಲೆಯಲ್ಲಿ ತೇಲುತ್ತಿದ್ದದ್ದು ನಾವು ಚೌತಿಗೆ ಮಾಡುವ ಕರ್ಜಿಕಾಯಿಯೇ! ಪಕ್ಕದಲ್ಲಿದ್ದದ್ದು ನಮ್ಮನೆಗೂ ಬರುವ ಅದೇ ಅಂಗಡಿಯ ಕೊಬ್ಬರಿ ಎಣ್ಣೆಯ ಡಬ್ಬಿ. ನನ್ನ ಮೋರೆ ಸಪ್ಪಗಾಯಿತು. ಅಲ್ಲೇ ಕೂತು ಎಲ್ಲವನ್ನೂ ಹೇಳಿಬಿಟ್ಟೆ.

ಅಕ್ಕೋರು ಜಾರಿ ಕೆಳಗಿಟ್ಟು ನಕ್ಕರು. “ನಿಮ್ಮ ಹಿತ್ತಿಲಿನ ಕಾಗೆಗಳು ಆಗಲೇ ಹೇಳಿದ್ವು ತಂಗೀ.”

“ಗೊತ್ತಿದ್ದೂ ಯಾಕೆ ಕಳಿಸಿದ್ರಿ ಅಕ್ಕೋರೆ?”

“ನಮ್ಮ ಅಪ್ಪ ಮಂಗಳೂರಲ್ಲಿ ಪಾದ್ರಿ ಆಗಲಿಕ್ಕೆ ಓದಿದವರು. ಅವರ ಗುರುಗಳು ಸಮರ್ಥರು. ನೆರೆಯವರ ಬಾಗಿಲು ತೆರೆಯಲಿ, ಬಿಡಲಿ, ನಿನ್ನದು ತೆರೆದಿರಲಿ ಅಂತ ಅಪ್ಪ ಅವರಿಂದ ಕಲಿತರು, ನಾನು ಅಪ್ಪನಿಂದ ಕಲಿತೆ” ಎಂದರು.

ಆ ಗುರುಗಳ ಬಗ್ಗೆ ಅಂದಿನಿಂದ ಅಕ್ಕೋರಿಂದ ಕೇಳಿ, ಓದಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ಡಾ. ಸ್ಟ್ಯಾನ್ಲಿ ಸಮರ್ಥರು ಹುಟ್ಟಿದ್ದು 1920ರಲ್ಲಿ, ಕಾರ್ಕಳದಲ್ಲಿ. ಗೊಮ್ಮಟನ ಬೆಟ್ಟ, ಬಸದಿ, ದೇವಸ್ಥಾನ, ಮಸೀದಿ, ಇಗರ್ಜಿ ಎಲ್ಲವೂ ಇರುವ ಊರದು. ಮಂಗಳೂರು, ಬೆಂಗಳೂರುಗಳಲ್ಲಿ ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು. ಪಾದ್ರಿಯೂ ಹೌದು, ಪ್ರೊಫೆಸರೂ ಹೌದು. ಮಂಗಳೂರಿನಲ್ಲಿ ಪಾದ್ರಿಗಳನ್ನು ತಯಾರು ಮಾಡುವ ವಿದ್ಯಾಲಯದಲ್ಲಿ ಕಲಿಸಿ ಪ್ರಿನ್ಸಿಪಾಲರಾದರು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಪಾಠ ಹೇಳಿದರು. ಬಂಗಾಳದಲ್ಲಿ 1818ರಲ್ಲಿ ಸ್ಥಾಪನೆಯಾದ ಸೆರಾಂಪುರ ಕಾಲೇಜಿಗೂ ಪ್ರಿನ್ಸಿಪಾಲರಾದರು. 1968ರಲ್ಲಿ ಜಿನೀವಾದ ವಿಶ್ವ ಚರ್ಚುಗಳ ಮಂಡಳಿಗೆ ಹೋದರು. ಎಲ್ಲೆಡೆಯೂ ಪತ್ನಿ ಐರಿಸ್ ಜೊತೆಗಿದ್ದರು. ಒಂದು ಮನೆ ಎತ್ತಿ ಇನ್ನೊಂದು ಊರಲ್ಲಿ ಹೂಡುವ ಕಷ್ಟ ಎಂಥದೆಂದು ನಮಗೆ ಹೇಳಿಕೊಡಬೇಕೇ?

ಜಿನೀವಾದಲ್ಲಿ ಅವರ ಕೆಲಸ ಏನು ಗೊತ್ತೇ? ಬೇರೆ ಬೇರೆ ಧರ್ಮದವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವುದು. 1970ರಲ್ಲಿ ಲೆಬನಾನಿನ ಅಜಲ್ತೂನ್ ಎಂಬಲ್ಲಿ ಹಿಂದೂ, ಬೌದ್ಧ, ಮುಸಲ್ಮಾನ, ಕ್ರೈಸ್ತರನ್ನು ಸೇರಿಸಿದರು. ಮರುವರ್ಷ ಈ ಕೆಲಸಕ್ಕೆಂದೇ ಮಂಡಳಿಯಲ್ಲಿ ಒಂದು ವಿಭಾಗ ಹುಟ್ಟಿತು. ಅದರ ಮೊದಲ ನಿರ್ದೇಶಕರು ಇವರೇ. ಗಾಂಧೀಜಿ, ರಾಧಾಕೃಷ್ಣನ್ ಮೊದಲಾದ ಹಿಂದೂಗಳು ಯೇಸುವನ್ನು ಹೇಗೆ ಕಂಡರು ಎಂಬುದರ ಮೇಲೆ 1974ರಲ್ಲಿ ಪುಸ್ತಕ ಪ್ರಕಟಿಸಿದರು.

ತಮ್ಮವರಲ್ಲೇ ಹಲವರಿಗೆ ಇದು ಹಿಡಿಸಲಿಲ್ಲ. ಹೀಗೆ ಎಲ್ಲರೊಡನೆ ಕೂತರೆ ನಮ್ಮ ನಂಬಿಕೆಯೇ ಸಡಿಲವಾಗುತ್ತದೆ ಎಂಬ ಅಂಜಿಕೆ ಅವರಿಗೆ. 1975ರ ನೈರೋಬಿ ಮಹಾಸಭೆಯಲ್ಲಿ ಜೋರು ವಾದವೇ ನಡೆಯಿತು. ಸಮರ್ಥರು ತಮ್ಮ ನಂಬಿಕೆ ಬಿಡಲಿಲ್ಲ, ಸಂವಾದವನ್ನೂ ಬಿಡಲಿಲ್ಲ. 1979ರಲ್ಲಿ ಮಂಡಳಿ ಈ ಸಂವಾದದ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲಿ ನನ್ನ ಮನಸ್ಸಿಗೆ ನಾಟಿದ ಮಾತೊಂದಿದೆ. ನೆರೆಯವರ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬುದು ಬೈಬಲ್ಲಿನ ಹಳೆಯ ಆಜ್ಞೆ. ಬೇರೆ ಧರ್ಮದ ನೆರೆಯವರ ಬಗ್ಗೆ ಇಲ್ಲದ್ದನ್ನು ಹೇಳುವುದೂ ಅದೇ ಪಾಪ ಎಂಬುದು ಅದರ ತಾತ್ಪರ್ಯ. ಅದನ್ನು ತಿಳಿದಾಗ ನನಗೆ ನೆನಪಾದದ್ದು ಆ ಬಾವಿಕಟ್ಟೆ.

ಅಕ್ಕೋರು ನನ್ನನ್ನು ಕ್ಷಮಿಸಿದ್ದರು, ನಿಜ. ಆದರೆ ನಾನು ಬಿತ್ತಿದ ಸುಳ್ಳು ಇನ್ನೂ ನಾಲ್ಕು ಮನೆಗಳಲ್ಲಿ ಬೆಳೆಯುತ್ತಿತ್ತಲ್ಲ! 1981ರಲ್ಲಿ ಬಂದ ಸಮರ್ಥರ ಪುಸ್ತಕದ ಹೆಸರಿನಲ್ಲೇ ‘ಸಂವಾದಕ್ಕೆ ಧೈರ್ಯ’ ಎಂಬ ಮಾತಿದೆ. ಆ ಧೈರ್ಯ ಒಟ್ಟುಮಾಡಲು ನನಗೆ ವಾರ ಹಿಡಿಯಿತು. ಕೊನೆಗೊಂದು ಬೆಳಿಗ್ಗೆ ಅದೇ ಹೆಂಗಸರ ಮುಂದೆ, “ಅವತ್ತು ನಾ ಹೇಳಿದ್ದು ಸುಳ್ಳು, ನಾ ಏನೂ ನೋಡಿರ್ಲಿಲ್ಲ” ಎಂದೆ. ಒಬ್ಬಳು ನಕ್ಕಳು. ಒಬ್ಬಳು, “ನಿಂಗೆ ಎಷ್ಟು ಕರ್ಜಿಕಾಯಿ ಕೊಟ್ರೇ?” ಎಂದು ಚುಚ್ಚಿದಳು. ಉಳಿದಿಬ್ಬರು ಸುಮ್ಮನೆ ಕೊಡ ಎತ್ತಿಕೊಂಡು ಹೋದರು.

ಸಮರ್ಥರು 2001ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಾನು ಅವರನ್ನು ಕಂಡವಳಲ್ಲ. ದೇಶದೇಶಗಳ ಪಂಡಿತರಿಗೆ ಅವರು ಕಲಿಸಿದ ಪಾಠ ಒಂದು ತಟ್ಟೆಯ ಮೇಲೆ ಕೇಣಿಯ ನನ್ನ ಅಡಿಗೆಮನೆಗೂ ಬಂತು.

ಈಗ ಚೌತಿಗೆ ನಮ್ಮ ಕರ್ಜಿಕಾಯಿ ಬೇಲಿ ದಾಟುತ್ತದೆ, ಕ್ರಿಸ್‌ಮಸ್‌ಗೆ ಅವರದು ಬರುತ್ತದೆ. ಅತ್ತೆ ಇನ್ನೂ ತಿನ್ನುವುದಿಲ್ಲ, ಅದು ಅವರಿಷ್ಟ. ಆದರೆ ತಟ್ಟೆಯನ್ನು ಬರಿದು ಮಾಡಿ ಕಳಿಸಬಾರದು ಎಂದು ಬೆಲ್ಲದ ತುಂಡು ಇಡುವವರು ಅವರೇ.