ಮಗ್ಗ ಮತ್ತು ಕೊಯ್ತಾ

ಈಗಷ್ಟೇ ಶಿರೂರು ಬಸ್ ಸ್ಟ್ಯಾಂಡಿನ್ಯಾಗ ಒಂದು ಗಾಡಿ ಹೋತು. ಮ್ಯಾಲೆ ಹಾಸಿಗಿ, ಪಾತ್ರೆ, ಒಳಗ ಮಕ್ಕಳು. ಲಂಬಾಣಿ ತಾಂಡಾದ ಮಂದಿ, ಕೊಯ್ತಾ ಹಿಡದು ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕ. ನನ್ನ ಪಕ್ಕದಾಗ ನಿಂತಿದ್ದ ಗುಳೇದಗುಡ್ಡದ ನೇಕಾರರೊಬ್ಬರು, "ಅವರಿಗೆ ರಿಸರ್ವೇಶನ್ ಐತಿ, ನಮಗೇನೈತಿ?" ಅಂದ್ರು.

ಆ ಮಾತು ತಲಿಯೊಳಗ ಕುಂತೈತಿ. ನೇಕಾರಗ ಸಾಹುಕಾರ ನೂಲು ಕೊಡ್ತಾನ, ಸೀರಿ ಲೆಕ್ಕದಾಗ ಕೂಲಿ ಕೊಡ್ತಾನ. ಕಬ್ಬು ಕಡಿಯೋ ಲಂಬಾಣಿ ಗಂಡ-ಹೆಂಡ್ತಿ ಜೋಡಿಗೆ ಮುಕಾದಮ (ಕೂಲಿಯವರನ್ನ ಕರಕೊಂಡು ಹೋಗೋ ಗುತ್ತಿಗೆದಾರ) ಮೊದಲ ಮುಂಗಡ ಕೊಡ್ತಾನ, ಆಮ್ಯಾಲೆ ಟನ್ ಲೆಕ್ಕದಾಗ ಅದನ್ನ ತೀರಿಸಬೇಕು. ಸಾಲದ ಗಂಟು ಇಬ್ಬರಿಗೂ ಒಂದೇ. ಆದ್ರ ನೇಕಾರನ ಬಡತನಕ್ಕ ಒಂದು ಮನಿ ಐತಿ, ಮಗ್ಗದ ಕುಣಿ ಐತಿ, ಇಳಕಲ್ ಸೀರಿಗೆ ಜಿಐ ಟ್ಯಾಗೂ ಐತಿ (ಕೂಲಿ ಏರಿಸಾಕ ಅದರಿಂದ ಆಗಿಲ್ಲ, ಆ ಮಾತು ಬ್ಯಾರೆ). ಅವನ ಮಗಳು ವರ್ಷಪೂರ್ತಿ ಒಂದೇ ಸಾಲಿಗೆ ಹೋಗ್ತಾಳ. ಗಾಡಿಯೊಳಗಿನ ಹುಡುಗಿಗೆ ಕಬ್ಬಿನ ಹಂಗಾಮು ಮುಗಿಯೂತನಕ ಗುಡಿಸಲೇ ಸಾಲಿ.

ಇನ್ನ ರಿಸರ್ವೇಶನ್. ಲಂಬಾಣಿಗರು ಕರ್ನಾಟಕದಾಗ ಪರಿಶಿಷ್ಟ ಜಾತಿ, ತೆಲಂಗಾಣದಾಗ ಪರಿಶಿಷ್ಟ ಪಂಗಡ, ಕಬ್ಬು ಕಡಿಯೋ ಮಹಾರಾಷ್ಟ್ರದಾಗ ವಿಮುಕ್ತ ಜಾತಿ. ಮೀಸಲಾತಿಯಿಂದ ತಾಂಡಾದಾಗ ಮಾಸ್ತರು, ಪೊಲೀಸರು ಆದವರು ಅದಾರ, ಇಲ್ಲ ಅನ್ನಂಗಿಲ್ಲ. ಆದ್ರ ಎಷ್ಟೋ ತಾಂಡಾಗಳು ಕಾಗದದ ಮ್ಯಾಲೆ ಊರೇ ಆಗಿರಲಿಲ್ಲ. 2023ರ ಜನವರಿಯಾಗ ಕಲಬುರಗಿಯ ಮಳಖೇಡದಾಗ ಐದು ಜಿಲ್ಲೆಯ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಕ್ಕ ಹಕ್ಕುಪತ್ರ ಕೊಟ್ರು. ಅಲ್ಲೀತನಕ ತಾವು ಕಟ್ಟಿದ ಮನಿ ತಮ್ಮದು ಅನ್ನಾಕ ಅವರ ಕಡೆ ಕಾಗದ ಇರಲಿಲ್ಲ.

ನೇಕಾರರ ಸಿಟ್ಟು ಸುಳ್ಳಲ್ಲ. ಅದು ಹೋಗಬೇಕಾದ್ದು ಸಾಹುಕಾರನ ಕಡೆ, ತಾಂಡಾದ ಕಡೆ ಅಲ್ಲ ಅಂತ ನನಗನಸ್ತದ. ಹುನಗುಂದ, ಅಮೀನಗಡ ಕಡೆಯವರು ಏನಂತೀರಿ?