ಅಳತೆ ಜಂಪರ್

ನಮ್ಮ ಕಡೆಯ ಹೆಂಗಸರ ಬೀರುವಿನಲ್ಲಿ ಬೆಳ್ಳಿ ಬಂಗಾರ ಇರಲಿ ಬಿಡಲಿ, ಒಂದು ಹಳೆಯ ಜಂಪರ್ ಮಾತ್ರ ಇದ್ದೇ ಇರುತ್ತದೆ. ಬಣ್ಣ ಹೋಗಿರುತ್ತದೆ, ಕಂಕುಳಲ್ಲಿ ಬೆವರಿನ ಕಲೆ ಕೂತಿರುತ್ತದೆ, ಮೇಲಿನ ಹುಕ್ಕು ಉದುರಿರುತ್ತದೆ. ಅದಕ್ಕೆ ಹೊಂದುವ ಸೀರೆ ಎಂದೋ ಪಾತ್ರೆಯವಳ ಪಾಲಾಗಿರುತ್ತದೆ. ಆದರೂ ಗಂಡನೋ ಮಗನೋ ಬೈಕ್ ಒರೆಸಲು ಅದನ್ನು ಎಳೆದರೆ ಮನೆಯಲ್ಲಿ ಕುರುಕ್ಷೇತ್ರ. ಏಕೆಂದರೆ ಅದು ಅಳತೆ ಜಂಪರ್. ಟೇಲರ್ ಗಂಡಸಾದರೆ ಮೈಮೇಲೆ ಟೇಪು ಹಿಡಿಯುವಂತಿಲ್ಲ, ಹೆಂಗಸಾದರೂ ನಮಗೆ ಸಂಕೋಚ. ಆದ್ದರಿಂದ ನಮ್ಮ ಬದಲು ನಮ್ಮ ಜಂಪರ್ ಹೋಗಿ ಅವರ ಮುಂದೆ ಮಲಗುತ್ತದೆ. ಎಂದೋ ಒಮ್ಮೆ ಸರಿಯಾಗಿ ಕೂತಿತ್ತು ಎಂಬ ಒಂದೇ ಪುಣ್ಯಕ್ಕೆ ಅದಕ್ಕೆ ಇಷ್ಟು ಮರ್ಯಾದೆ.

ಹೊಸಪೇಟೆಯ ಟೇಲರುಗಳ ಬಗ್ಗೆ ಹೇಳಹೊರಟರೆ ಅದೇ ಒಂದು ಪುರಾಣ. “ನಾಳೆ ಬರ್ರಿ ಅಕ್ಕಾರ” ಎಂಬ ಅವರ ನಾಳೆಗೂ ನಮ್ಮ ಪಂಚಾಂಗದ ನಾಳೆಗೂ ಸಂಬಂಧವಿಲ್ಲ. ದೀಪಾವಳಿಗೆ ಕೊಟ್ಟದ್ದು ಸಂಕ್ರಾಂತಿಗೆ ಬಂದರೆ ನಮ್ಮ ಅದೃಷ್ಟ. ಕತ್ತು ಸ್ವಲ್ಪ ಇಳಿಸಿ ಎಂದರೆ ಬೆನ್ನು ಇಳಿಸಿರುತ್ತಾರೆ. ಹಾಗೆಂದು ಬಿಟ್ಟುಬಿಡಲಾಗುತ್ತದೆಯೇ? ಅವರ ಕೈಯಲ್ಲಿ ಒಂದು ದೊಡ್ಡ ಗುಣವಿದೆ. ಒಳಗೆ ಒಂದೊಂದು ಇಂಚು ಬಟ್ಟೆ ಬಿಟ್ಟು ಹೊಲಿಯುತ್ತಾರೆ. ಬಾಣಂತನವಾಗಲಿ, ಥೈರಾಯ್ಡ್ ಆಗಲಿ, ನಾಲ್ಕು ಮದುವೆಯ ಊಟವಾಗಲಿ, ಮೈ ತುಂಬಿದಾಗ ಒಂದು ಹೊಲಿಗೆ ಬಿಚ್ಚಿದರೆ ಜಂಪರ್ ಮತ್ತೆ ನಮ್ಮದಾಗುತ್ತದೆ.

ಈಗ ಅಂಗಡಿ ಫೋನಿನೊಳಗೇ ಬಂದು ಕೂತಿದೆ. ರಾತ್ರಿ ಪಾತ್ರೆ ತೊಳೆದು ಕೈ ಒರೆಸಿಕೊಂಡು ಕೂತರೆ ನೂರು ಬಗೆಯ ಸಿದ್ಧ ಜಂಪರುಗಳು ಕಣ್ಣ ಮುಂದೆ ಸಾಲುಗಟ್ಟುತ್ತವೆ. ಕಾಲೇಜಿನ ಹುಡುಗಿಯರು ತಡಮಾಡದೆ ತರಿಸುತ್ತಾರೆ. ಹಿಗ್ಗುವ ಬಟ್ಟೆಯಾದ್ದರಿಂದ ಅವರಿಗೆ ಹೇಗೋ ಕೂರುತ್ತದೆ. ನಮ್ಮಂಥವರಿಗೆ ತೊಡಕು ಸಂಖ್ಯೆಯದು. ಒಂದು ಕಂಪನಿಯ 36 ಇನ್ನೊಂದು ಕಂಪನಿಯ 36 ಆಗಿರುವುದಿಲ್ಲ. ಎದೆ ಸರಿಹೋದರೆ ತೋಳು ಬಿಗಿ, ತೋಳು ಸರಿಹೋದರೆ ಭುಜ ಜಾರುತ್ತದೆ. ಒಳಗೆ ಬಿಚ್ಚಲು ಬಟ್ಟೆಯೇ ಇರುವುದಿಲ್ಲ.

ಒಳ ಉಡುಪಿನ ಕಥೆ ಬೇರೆಯೇ. ನಮ್ಮ ಊರುಗಳ ಅಂಗಡಿಗಳಲ್ಲಿ ಅದನ್ನು ಮಾರುವವರು ಬಹುಪಾಲು ಗಂಡಸರು. ನಾವು ಬಾಯಿ ತೆರೆಯುವ ಮೊದಲೇ ಅವರು ನಮ್ಮನ್ನೊಮ್ಮೆ ನೋಡಿ, “ಮೂವತ್ನಾಲ್ಕಾ, ಮೂವತ್ತಾರಾ?” ಎಂದು ಡಬ್ಬಿ ಎಸೆಯುತ್ತಾರೆ. ನಾವು ತಲೆ ತಗ್ಗಿಸಿ, ಸಿಕ್ಕಿದ್ದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು, ಕದ್ದವರ ಹಾಗೆ ಹೊರಗೆ ಬರುತ್ತೇವೆ. ಎದೆಯ ಕೆಳಗಿನ ಸುತ್ತಳತೆ ಬೇರೆ, ಎದೆಯ ತುಂಬು ಅಳತೆ ಬೇರೆ, ಎರಡರ ನಡುವಿನ ಅಂತರ ಒಂದು ಇಂಚಾದರೆ ಎ, ಎರಡಾದರೆ ಬಿ, ಮೂರಾದರೆ ಸಿ ಎನ್ನುವ ಸರಳ ಲೆಕ್ಕವನ್ನು ನನಗೆ ಯಾವ ಅಂಗಡಿಯವನೂ ಹೇಳಲಿಲ್ಲ. ನಾನು ಅದನ್ನು ಕಲಿತದ್ದು ಫೋನಿನ ಅಂಗಡಿಯಲ್ಲಿ, ನನ್ನ ಕೋಣೆಯ ಬಾಗಿಲು ಹಾಕಿಕೊಂಡು. ಆ ಮಟ್ಟಿಗೆ ಅದಕ್ಕೆ ನಾನು ಕೃತಜ್ಞಳು.

ಅಳತೆಯ ಈ ಪೇಚು ಅಷ್ಟು ಹಳೆಯದೇನಲ್ಲ. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಬೀದಿಯಲ್ಲಿ ಮಾಣಿಕ್ಯ, ವಜ್ರ, ಮುತ್ತುಗಳ ಜೊತೆಗೆ ಬಟ್ಟೆಗಳೂ ಮಾರಾಟವಾಗುತ್ತಿದ್ದವೆಂದು ಬರೆದಿದ್ದಾನೆ. ಅಂಗಡಿಯಿಂದ ಬಟ್ಟೆ ತರುವುದು, ಮೈಗೆ ಒಗ್ಗಿಸಿಕೊಳ್ಳುವುದು ಮನೆಯಲ್ಲಿ, ಎನ್ನುವುದೇ ನಮ್ಮಲ್ಲಿ ಬಹುಕಾಲದ ರೂಢಿ. ನನ್ನ ಅಜ್ಜಿ ತೊಡುತ್ತಿದ್ದದ್ದು ಗುಳೇದಗುಡ್ಡದ ಖಣದ ಕುಪ್ಪಸ. ಅದಕ್ಕೆ ಹುಕ್ಕಿಲ್ಲ, ಕಾಜಾ ಇಲ್ಲ. ಮುಂದೆ ಒಂದು ಗಂಟು. ದಪ್ಪಗಾದರೆ ಸಡಿಲ, ಸೊರಗಿದರೆ ಬಿಗಿ. ಬಸುರಿಗೆ ಕುಬುಸ ಮಾಡುವುದು ನಮ್ಮಲ್ಲಿ ಈಗಲೂ ಉಂಟಷ್ಟೆ. ಹಸಿರು ಸೀರೆ, ಹಸಿರು ಕುಬುಸ, ಹಸಿರು ಬಳೆ ತೊಡಿಸಿ ಆರತಿ ಎತ್ತುತ್ತೇವೆ. ಹೆಣ್ಣಿನ ಮೈ ಬದಲಾಗುತ್ತದೆ, ಅದಕ್ಕೊಂದು ಹೊಸ ಕುಬುಸ ಬೇಕು ಎಂಬುದನ್ನು ನಮ್ಮ ಹಿರಿಯರು ಹಬ್ಬ ಮಾಡಿ ಒಪ್ಪಿಕೊಂಡರು. ಆದರೆ ತುಂಬುವ ಮೈಗೆ ಮಾತ್ರ ಶಾಸ್ತ್ರವಿದೆ. ಕಳೆದುಕೊಂಡ ಮೈಗೆ ಯಾವ ಶಾಸ್ತ್ರವೂ ಇಲ್ಲ. ಈ ಮಾತು ನನಗೆ ಹೊಳೆದದ್ದು ನಮ್ಮ ಅತ್ತಿಗೆಯಿಂದ.

ಅತ್ತಿಗೆ ಕಂಪ್ಲಿಯವರು. ಹೊಸಪೇಟೆ ಹೊಸ ಜಿಲ್ಲೆಗೆ ಕೇಂದ್ರವಾಗಿ ಊರೆಲ್ಲ ಸಡಗರದಲ್ಲಿದ್ದ 2021ರಲ್ಲಿ ಅವರ ಎಡ ಎದೆಯಲ್ಲಿ ಗಂಟು ಕಾಣಿಸಿತು. ನೋವಿರಲಿಲ್ಲವಾದ್ದರಿಂದ ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಎಡಭಾಗ ಪೂರ್ತಿ ತೆಗೆಸಿಕೊಂಡು ಬಂದರು. ಮನೆಯಲ್ಲಿ ಅದರ ಹೆಸರು ಬರೀ “ಆಪರೇಷನ್”. ಎದೆ ಎಂಬ ಮಾತನ್ನು ಯಾರೂ ಆಡಲಿಲ್ಲ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರ ಜಾಗತಿಕ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಆ ಒಂದು ವರ್ಷದಲ್ಲೇ 1 ಲಕ್ಷ 90 ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಇದು ಹೊಸದಾಗಿ ಬಂದಿದೆ. ಇಷ್ಟು ಜನರಿಗೆ ಬರುವ ರೋಗಕ್ಕೆ ಮನೆಯಲ್ಲಿ ಒಂದು ಹೆಸರಿಲ್ಲವಲ್ಲ!

ಗಾಯ ಮಾಯ್ದಿತು, ಔಷಧದಿಂದ ಉದುರಿದ ಕೂದಲು ಮತ್ತೆ ಬಂತು. ಅತ್ತಿಗೆ ಮಾತ್ರ ಹೊರಗೆ ಬರಲಿಲ್ಲ. ಮದುವೆ, ಮುಂಜಿ, ನಾಮಕರಣ ಎಲ್ಲಕ್ಕೂ ಅಣ್ಣನೊಬ್ಬನೇ. ಕೇಳಿದರೆ “ಬಿಸಿಲು ಭಾಳ ಐತಿ” ಎನ್ನುತ್ತಿದ್ದರು. ಬಿಸಿಲು ನಮ್ಮ ಸೀಮೆಗೆ ಹೊಸದೇ? ಒಂದು ದಿನ ನಾನೇ ಹೋದೆ. ಮಂಚದ ಮೇಲೆ ಅವರ ಅಳತೆ ಜಂಪರ್ ಇತ್ತು. “ಇದನ್ನ ಇನ್ನು ಒರೆಸೋ ಬಟ್ಟೆ ಮಾಡ್ಕೋ” ಎಂದರು. ಬೇರೆ ಏನೂ ಹೇಳಲಿಲ್ಲ. ಅಷ್ಟು ವರ್ಷ ಅವರ ಪರವಾಗಿ ಹೋಗಿ ನಿಂತ ಜಂಪರ್ ಈಗ ಸುಳ್ಳು ಹೇಳುತ್ತಿತ್ತು.

ಅವರ ಮಗಳು ಬೆಂಗಳೂರಿನಲ್ಲಿ ಕೆಲಸ ಮಾಡುವವಳು. ಗೆಳತಿಯರ ಜೊತೆ ಮುರ್ಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಸಮುದ್ರದೊಳಗೆ ಮುಳುಗಿ ಮೀನು ನೋಡಿ ಬಂದ ಧೈರ್ಯಸ್ಥೆ. ಅಲ್ಲಿ ತೊಡಿಸುವ ರಬ್ಬರಿನಂಥ ವೆಟ್‌ಸೂಟಿನ ಬಗ್ಗೆ ಅವಳು ಹೇಳಿದ್ದು ನನಗೆ ನೆನಪಿದೆ. ಅದು ನೀರನ್ನು ಪೂರ್ತಿ ತಡೆಯುವುದಿಲ್ಲವಂತೆ. ಒಳಗೆ ತೆಳ್ಳಗೆ ನೀರು ಸೇರಿ ಮೈಶಾಖಕ್ಕೆ ಬೆಚ್ಚಗಾಗಿ ಅಲ್ಲೇ ನಿಲ್ಲುತ್ತದೆ. ಸೂಟು ಸಡಿಲವಾದರೆ ತಣ್ಣೀರು ಬಂದು ಹೋಗುತ್ತಾ ನಡುಕ ಹುಟ್ಟುತ್ತದೆ; ಅತಿ ಬಿಗಿಯಾದರೆ ಉಸಿರೇ ಕಷ್ಟ. “ಅತ್ತೆ, ಅಳತೆ ಅನ್ನೋದು ಚೆಂದಕ್ಕಲ್ಲ, ಕೆಲಸಕ್ಕೆ” ಎಂದಿದ್ದಳು. ತಾಯಿಗೆ ಏನು ಬೇಕೆಂದು ಹುಡುಕಲು ಕೂತವಳೂ ಅವಳೇ.

ಹುಡುಕಿದಾಗ ಗೊತ್ತಾಯಿತು, ಇದಕ್ಕೆಂದೇ ಸಿಲಿಕೋನಿನ ಕೃತಕ ಎದೆ ಬರುತ್ತದೆ. ಅದನ್ನು ಇಡಲು ಒಳಗೆ ಜೇಬಿರುವ ಬ್ರಾ ಬರುತ್ತದೆ. ಅದು ಬರೀ ನೋಟಕ್ಕಲ್ಲ. ಒಂದು ಕಡೆಯ ಭಾರ ಹೋದಾಗ ಭುಜ ವಾಲುತ್ತದೆ, ಕತ್ತು ಬೆನ್ನು ನೋಯುತ್ತವೆ. ಅದಕ್ಕಾಗಿಯೇ ಅದಕ್ಕೆ ನಿಜವಾದಷ್ಟೇ ತೂಕ. ಗಾಯ ಪೂರ್ತಿ ಮಾಯುವ ತನಕ ಹಗುರವಾದ, ಮೆತ್ತನೆಯ ಬಟ್ಟೆಯದು. ಆಮೇಲೆ ಡಾಕ್ಟರನ್ನು ಕೇಳಿ ಸಿಲಿಕೋನಿನದು. ನಾನು ಹೊಸಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಒಬ್ಬರು ಅರ್ಥವಾಗದೆ ನಕ್ಕರು, ಒಬ್ಬರು ಹುಡುಗಿಯರು ಹಾಕುವ ಸ್ಪಂಜಿನ ಕಪ್ಪು ತೋರಿಸಿದರು. ಕೊನೆಗೆ ಅದು ಬಂದದ್ದು ಆನ್‌ಲೈನಿನಲ್ಲೇ, ಹೊರಗೆ ಏನೂ ಬರೆಯದ ಕಂದು ಡಬ್ಬಿಯಲ್ಲಿ. ಕೊರಿಯರ್ ಹುಡುಗ ಪುಸ್ತಕವೆಂದುಕೊಂಡಿರಬೇಕು. ಅತ್ತಿಗೆ ಯಾರೆದುರೂ ನಿಲ್ಲಬೇಕಾಗಲಿಲ್ಲ, ಯಾರಿಗೂ ವಿವರಿಸಬೇಕಾಗಲಿಲ್ಲ. ಆ ಗುಟ್ಟನ್ನು ನಮ್ಮ ಬಜಾರಿನ ಯಾವ ಅಂಗಡಿಯೂ ಅವರಿಗೆ ಕೊಡಲಾರದಾಗಿತ್ತು.

ಆದರೆ ಜೊತೆಗೆ ತರಿಸಿದ ಎರಡು ಬ್ರಾಗಳಲ್ಲಿ ಒಂದು ಬಿಗಿಯಾಯಿತು. ಒಳ ಉಡುಪನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದರು. ಸಿದ್ಧ ಜಂಪರ್ ತರಿಸಿದೆವು, ಕತ್ತು ಇಳಿದಿತ್ತು. ಬಗ್ಗಿದರೆ ಎಲ್ಲ ಕಾಣುತ್ತಿತ್ತು. ಎಡತೋಳು ಏರಲೇ ಇಲ್ಲ. ಕಂಕುಳಿನ ಗ್ರಂಥಿಗಳನ್ನು ತೆಗೆದವರಿಗೆ ಆ ಕೈ ಬಾತುಕೊಳ್ಳುವುದುಂಟು, ಬಿಗಿ ತೋಳು ಅವರಿಗೆ ಒಳ್ಳೆಯದಲ್ಲ. ಫೋನಿನ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಎರಡು ತೋಳಿಗೆ ಎರಡು ಅಳತೆ ಕೇಳುವ ಕಾಲಂ ಇರಲಿಲ್ಲ.

ಆಗ ನಾನು ಮೇನ್ ಬಜಾರಿನ ಹಿಂದಿನ ಓಣಿಯಲ್ಲಿ ಹೊಲಿಯುವ ಹೆಂಗಸೊಬ್ಬರನ್ನು ಕಂಪ್ಲಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ವಿಷಯ ಹೇಳಿದೆ. ಅವರು “ಹೂಂ” ಎಂದರು, ಅಷ್ಟೇ. ಕೋಣೆಯಲ್ಲಿ ಬಾಗಿಲು ಹಾಕಿ, ಟೇಪು ಬಿಚ್ಚಿ, “ಅಕ್ಕಾರ, ಅಳತೆ ಜಂಪರ್ ಬ್ಯಾಡ್ರಿ. ನೀವು ಹೆಂಗದೀರಿ ಹಂಗ ನಿಂತ್ಕೊಳ್ರಿ” ಎಂದರು. ಆಪರೇಷನ್ನಿನ ನಂತರ ಡಾಕ್ಟರು ನರ್ಸುಗಳ ಹೊರತು ಬೇರೊಬ್ಬರ ಕೈ ಅತ್ತಿಗೆಯ ಆ ಜಾಗವನ್ನು ಮುಟ್ಟಿದ್ದು ಅದೇ ಮೊದಲು. ಅತ್ತಿಗೆ ಅತ್ತರು. ಟೇಲರಕ್ಕ ಸಮಾಧಾನ ಹೇಳಲಿಲ್ಲ. ಟೇಪು ಹಾಗೇ ಹಿಡಿದು, ಅವರು ಅತ್ತು ಮುಗಿಸುವ ತನಕ ನಿಂತಿದ್ದರು. “ಈಗ ಉಸುರು ಬಿಡ್ರಿ, ಇಲ್ಲಂದ್ರ ಅರ್ಧ ಇಂಚು ತಪ್ಪತೈತಿ” ಎಂದರು. ಅತ್ತಿಗೆಗೆ ನಗು ಬಂತು.

ಹದಿನೈದು ದಿನಕ್ಕೆ, ಹೇಳಿದ ದಿನವೇ, ಜಂಪರ್ ಬಂತು. ಮೆತ್ತನೆಯ ಹತ್ತಿಬಟ್ಟೆ, ಹೊಲಿಯುವ ಮೊದಲೇ ನೀರಿಗೆ ಹಾಕಿ ತೆಗೆದ ಅಸ್ತರು. ಕೈ ಹಿಂದಕ್ಕೆ ಹೋಗದ್ದರಿಂದ ಹುಕ್ಕು ಮುಂದೆ. ಕತ್ತು ಎರಡು ಬೆರಳು ಮೇಲೆ. ಎಡತೋಳು ಸಡಿಲ, ಒಳಗೆ ಇನ್ನೂ ಒಂದು ಇಂಚು ಬಿಟ್ಟಿದ್ದಾರೆ. ಎಡಗಡೆ ಅಸ್ತರಿನಲ್ಲಿ ಒಂದು ಜೇಬು, ಬೆವರಿದಾಗ ತೆಗೆದು ತೊಳೆಯಲು ಪಕ್ಕದಿಂದ ಬಾಯಿ. ಮನೆಯಲ್ಲಿ ಸಿಲಿಕೋನಿನ ಸೆಕೆ ತಡೆಯಲಾಗದಾಗ ಇಡಲೆಂದು, ಎಳೆ ಕೂಸಿಗೆ ಸಾಸಿವೆ ದಿಂಬು ಮಾಡುತ್ತೇವಲ್ಲ, ಹಾಗೆ ಒಂದು ಪುಟ್ಟ ದಿಂಬು ಹೊಲಿದು ತಂದಿದ್ದರು. ನಡುವೆ ಒಂದಷ್ಟು ಸಾಸಿವೆ, ಸುತ್ತ ಹತ್ತಿ. ತೂಕಕ್ಕೆ ತೂಕ, ಮೆತ್ತಗೆ ಮೆತ್ತಗೆ. ಡಬ್ಬಿಯಲ್ಲಿ ಬಂದದ್ದೂ ಬೇಕಾಗಿತ್ತು, ಓಣಿಯಿಂದ ಬಂದದ್ದೂ ಬೇಕಾಗಿತ್ತು. ಎರಡರಲ್ಲಿ ಯಾವುದು ಮೇಲೆಂದು ವಾದ ಹೂಡುವವರನ್ನು ಕಂಡರೆ ನನಗೀಗ ನಗು ಬರುತ್ತದೆ.

ಆಮೇಲೆ ಅತ್ತಿಗೆ ಮೊದಲು ಹೊರಟದ್ದು ಸಂಡೂರಿಗೆ, ನೆಂಟರ ಮದುವೆಗೆ. ಸಂಡೂರಿನ ಲಂಬಾಣಿ ಕಸೂತಿ ನಿಮಗೆ ಗೊತ್ತಿರುತ್ತದೆ. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಮದುವೆಯ ಮರುದಿನ ಅಲ್ಲಿ ಹಳೆಯ ಕಾಂಚಳಿಯೊಂದನ್ನು ನೋಡಿದೆವು. ಮುಂದೆಲ್ಲ ಕನ್ನಡಿ, ಕವಡೆ, ದಾರದ ಕೆಲಸ. ಬೆನ್ನಿಗೆ ಬಟ್ಟೆಯೇ ಇಲ್ಲ, ಕಟ್ಟಿಕೊಳ್ಳಲು ದಾರ ಮಾತ್ರ. ಅತ್ತಿಗೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇವರು ಶ್ಯಾಣ್ಯಾರು ನೋಡು. ಮೈ ಹೆಂಗಾರ ಆಗ್ಲಿ, ದಾರ ನಮ್ಮ ಕೈಯಾಗ” ಎಂದರು. ಅಜ್ಜಿಯ ಕುಪ್ಪಸದ ಗಂಟು ನನಗೆ ನೆನಪಾಯಿತು.

ಈಗ ಟೇಲರಕ್ಕ ಅತ್ತಿಗೆಯ ಜಂಪರಿನ ಕಾಗದದ ಕಟಿಂಗನ್ನು ಮಡಿಸಿ ಇಟ್ಟುಕೊಂಡಿದ್ದಾರೆ. ಇನ್ನೂ ಮೂವರು ಹೆಂಗಸರು ಅವರಲ್ಲಿಗೆ ಬಂದಿದ್ದಾರೆ, ಒಬ್ಬರು ಗಂಗಾವತಿಯಿಂದ. ಬಂದವರಿಗೆಲ್ಲ ಅವರು ಅತ್ತಿಗೆಯನ್ನು ಕೇಳಿಯೇ ಅವರ ಫೋನ್ ನಂಬರ್ ಕೊಡುತ್ತಾರೆ. ಅತ್ತಿಗೆ ಆನ್‌ಲೈನಿನಲ್ಲಿ ಏನು ತರಿಸಬೇಕು, ಯಾವ ಅಳತೆ ತರಿಸಬೇಕು, ಯಾವುದನ್ನು ಹೊಲಿಸಬೇಕು ಎಂದು ವಿವರವಾಗಿ ಹೇಳುತ್ತಾರೆ. ಆ ಹೆಂಗಸರಿಗೆ ಮಗಳೋ ತಂಗಿಯೋ ಇದ್ದರೆ ಇನ್ನೂ ಒಂದು ಮಾತು ಹೇಳುತ್ತಾರೆ: ನೋವಿಲ್ಲದ ಗಂಟೆಂದು ಸುಮ್ಮನಿರಬೇಡಿ, ನಾನು ನಾಲ್ಕು ತಿಂಗಳು ಕೂತೆ, ನೀವು ನಾಲ್ಕು ದಿನವೂ ಕೂರಬೇಡಿ. ಎದೆ ಎಂಬ ಮಾತನ್ನು ಅವರು ಈಗ ಹಜಾರದಲ್ಲಿ ಕೂತು, ಅಣ್ಣನ ಎದುರೇ, ದನಿ ತಗ್ಗಿಸದೆ ಆಡುತ್ತಾರೆ.