ಚಿರತೆ ತೋರಿಸಲೇ ಇಲ್ಲವಲ್ಲಪ್ಪ

ಡಿಪ್ಲೊಮಾ ಓದುವಾಗ ನಮ್ಮ ಮೇಷ್ಟ್ರು ಒಂದು ಮಧ್ಯಾಹ್ನ ಕಿಟಕಿಗೆಲ್ಲ ಪರದೆ ಎಳೆದು ‘ಜಾಸ್’ ಸಿನಿಮಾದ ಮೊದಲ ದೃಶ್ಯ ಮಾತ್ರ ತೋರಿಸಿದ್ದರು. 1975ರ ಅಮೆರಿಕದ ಸಿನಿಮಾ, ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶನ. ನೋಟ್ಸ್ ಬರೆದುಕೊಂಡೆ, ಪರೀಕ್ಷೆ ಬರೆದೆ, ಮರೆತೆ. ಮೊನ್ನೆ ಕರೆಂಟ್ ಹೋದ ರಾತ್ರಿ ಫೋನಿನಲ್ಲಿ ಮತ್ತೆ ನೋಡಿದೆ. ಆಮೇಲೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಮೊದಲು ದೃಶ್ಯ ಕೇಳಿ.

ಹೆಸರುಗಳು ಬರುವಾಗ ಕ್ಯಾಮೆರಾ ಕಡಲಿನಡಿ ಪಾಚಿಯ ನಡುವೆ ಸಾಗುತ್ತಿರುತ್ತದೆ. ಜಾನ್ ವಿಲಿಯಮ್ಸ್ ಸಂಗೀತ: ಎರಡೇ ಸ್ವರ, ಮೊದಲು ನಿಧಾನ, ಆಮೇಲೆ ಬೇಗ ಬೇಗ. ತಟ್ಟನೆ ದಡ ಬರುತ್ತದೆ. ಬೆಂಕಿ ಹಾಕಿಕೊಂಡು ಕೂತ ಹುಡುಗ ಹುಡುಗಿಯರು, ಗಿಟಾರು, ಹರಟೆ. ಒಬ್ಬಳು ಎದ್ದು ನೀರಿಗೆ ಓಡುತ್ತಾಳೆ. ಹಿಂದೆ ಓಡಿದ ಹುಡುಗ ಕುಡಿದಿದ್ದಾನೆ, ದಡದಲ್ಲೇ ಬೀಳುತ್ತಾನೆ.

ಅವಳು ಈಜುತ್ತಾಳೆ. ಕ್ಯಾಮೆರಾ ಮತ್ತೆ ನೀರಿನಡಿಗೆ ಹೋಗಿ ಕೆಳಗಿನಿಂದ ಅವಳನ್ನು ನೋಡುತ್ತದೆ. ಮೇಲೆ ಮಂದ ಬೆಳಕು, ಅದರಲ್ಲಿ ಕಪ್ಪಗೆ ಆಡುವ ಕೈಕಾಲು. ನಾವು ನೋಡುತ್ತಿರುವುದು ಬೇರೆ ಯಾವುದರದೋ ಕಣ್ಣಿನಿಂದ ಅಂತ ಆಗ ಹೊಳೆಯುತ್ತದೆ. ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಕೂಗಿ ಹೇಳೋಣವೆಂದರೆ ಆಗುವುದಿಲ್ಲ.

ನೀರಿನ ಮೇಲೆ ಬಂದಾಗಲೂ ಕ್ಯಾಮೆರಾ ಅಲೆಯ ಮಟ್ಟದಲ್ಲೇ ಇರುತ್ತದೆ, ನಮ್ಮ ಕುತ್ತಿಗೆಗೂ ನೀರು ಬಂದ ಹಾಗೆ. ಏನೋ ಅವಳನ್ನು ಒಮ್ಮೆ ಕೆಳಕ್ಕೆ ಜಗ್ಗುತ್ತದೆ, ಆಮೇಲೆ ಅತ್ತಿಂದಿತ್ತ ಎಳೆದಾಡುತ್ತದೆ. (ನಟಿಗೆ ಕಟ್ಟಿದ ಹಗ್ಗವನ್ನು ಮನುಷ್ಯರೇ ಎಳೆದದ್ದು.) ನಡುವೆ ಒಂದು ಶಾಟ್: ದಡದಲ್ಲಿ ಆ ಹುಡುಗ ಮಲಗಿದ್ದಾನೆ, ಪಕ್ಕದಲ್ಲಿ ಅಲೆ ಮೆಲ್ಲಗೆ ಬಂದು ಹೋಗುತ್ತಿದೆ. ಎಡಿಟರ್ ವೆರ್ನಾ ಫೀಲ್ಡ್ಸ್ ಅವರಿಗೆ ಈ ಸಿನಿಮಾಕ್ಕೆ ಆಸ್ಕರ್ ಬಂತು. ಈ ಒಂದು ಶಾಟ್‌ಗೇ ಕೊಡಬಹುದಿತ್ತು ಅನ್ನಿಸುತ್ತದೆ ನನಗೆ. ಕೊನೆಗೆ ಅವಳು ಮುಳುಗುತ್ತಾಳೆ, ಚೀರಾಟ ನಿಲ್ಲುತ್ತದೆ, ಕಡಲು ಏನೂ ಆಗದ ಹಾಗೆ ಇರುತ್ತದೆ.

ಶಾರ್ಕ್ ಮೀನು ಒಂದು ಸಲವೂ ಕಾಣುವುದಿಲ್ಲ. ಅವರು ಮಾಡಿಸಿದ ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಕೆಡುತ್ತಲೇ ಇತ್ತು. ಹಾಗಾಗಿ ಸಿನಿಮಾದ ಬಹುಭಾಗ ಅದನ್ನು ತೋರಿಸದೆಯೇ ಹೆದರಿಸಬೇಕಾಯಿತು.

ಇನ್ನು ನನ್ನ ಕಥೆ. ಮೂರು ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಒಂದು ಹಳ್ಳಿಗೆ ಚಿರತೆ ಬಂದಿದೆ ಅಂತ ಫೋನ್ ಬಂತು. ಹೋದೆ. ಕೆರೆ ಏರಿ, ಲಂಟಾನ ಪೊದೆ, ಕೆಸರಿನಲ್ಲಿ ನಾಲ್ಕು ಹೆಜ್ಜೆ. ಚಿರತೆ ಕಂಡವರು ಯಾರೂ ಇಲ್ಲ. ನಾನು ಸುದ್ದಿ ಕಳಿಸುವ ಕಡೆಯಿಂದ “ವಿಷುವಲ್ ಸಪ್ಪೆ ಇದೆ ರೀ, ಏನಾದ್ರೂ ಮಾಡಿ” ಅಂದರು. ಬಳಸಿದರೆ ಮಾತ್ರ ನನಗೆ ದುಡ್ಡು.

ಸಂಜೆಯಾಗುವವರೆಗೆ ಕಾದೆ. ಫೋನನ್ನು ಮೊಣಕಾಲ ಮಟ್ಟಕ್ಕೆ ಹಿಡಿದು, ಎಲೆ ಲೆನ್ಸಿಗೆ ಸವರುವ ಹಾಗೆ ಪೊದೆಯೊಳಗೆ ನಡೆದೆ. ಏರಿಯ ಮೇಲೆ ಇಬ್ಬರು ಹುಡುಗಿಯರು ಸ್ಕೂಲ್ ಬ್ಯಾಗ್ ಹಾಕಿಕೊಂಡು ಹೋಗುತ್ತಿದ್ದರು. ಪೊದೆಯ ಸಂದಿಯಿಂದ ಅವರ ಬೆನ್ನು ತೆಗೆದೆ. ಕೆಳಗೆ ಗುಂಯ್ ಅನ್ನುವ ಒಂದು ಸದ್ದು ಹಾಕಿದೆ. ನಲವತ್ತು ಸೆಕೆಂಡು. ಮೇಷ್ಟ್ರ ಪಾಠ ಆಗ ನೆನಪಾಗಲಿಲ್ಲ, ಕೈಗೆ ಮಾತ್ರ ನೆನಪಿತ್ತು.

ರಾತ್ರಿ ಹತ್ತರೊಳಗೆ ಎಲ್ಲ ವಾಟ್ಸಾಪ್ ಗ್ರೂಪಿನಲ್ಲೂ ಅದೇ. ಮಾರನೇ ದಿನ ಫಾರೆಸ್ಟ್ ಗಾರ್ಡ್ ಹೆಜ್ಜೆ ನೋಡಿ ನಕ್ಕರು. ಉಗುರಿನ ಗುರುತಿತ್ತು. ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಂಡಿರುತ್ತದೆ, ಇದು ನಾಯಿ ಹೆಜ್ಜೆ ಅಂದರು. ಅದನ್ನೂ ಬರೆದು ಕಳಿಸಿದೆ. ಬಳಸಲಿಲ್ಲ.

ಆ ಹುಡುಗಿಯರು ಒಂಬತ್ತು ದಿನ ಹೈಸ್ಕೂಲಿಗೆ ಹೋಗಲಿಲ್ಲ. ಒಬ್ಬಳಿಗೆ ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ತಪ್ಪಿತು. ಕತ್ತಲಲ್ಲೇ ಡೈರಿಗೆ ಹೋಗುತ್ತಿದ್ದ ಹೆಂಗಸರು ಬೆಳಕು ಹರಿಯಲಿ ಅಂತ ಕಾದು ಹಾಲು ಮನೆಯಲ್ಲೇ ಉಳಿಸಿಕೊಂಡರು. ಅವರಲ್ಲೊಬ್ಬ ಅಜ್ಜಿಗೆ, ಅದು ಚಿರತೆಯಲ್ಲ ಅಜ್ಜಿ, ನಾಯಿ ಅಂದೆ. “ಚಿರ್ತೆ ತೋರಿಸ್ಬಿಟ್ಟಿದ್ರೆ ಇಷ್ಟು ಭಯ ಆಯ್ತಿರ್ಲಿಲ್ಲ ಕಣಪ್ಪ,” ಅಂದಳು. “ನೀನು ತೋರಿಸ್ಲೇ ಇಲ್ವಲ್ಲ.”

‘ಜಾಸ್’ಗೆ ಹೋದವರು ಹೆದರಬೇಕೆಂದೇ ಟಿಕೆಟ್ ತೆಗೆದುಕೊಂಡವರು. ಏರಿಯ ಮೇಲೆ ನಡೆಯುವವರು ತೆಗೆದುಕೊಂಡಿರಲಿಲ್ಲ. ಈಗ ನಾನು ಇಂಥ ಸುದ್ದಿಯನ್ನು ನಿಂತು, ಹಗಲಲ್ಲಿ, ಹೆಜ್ಜೆಯ ಪಕ್ಕ ಸ್ಕೇಲ್ ಇಟ್ಟು ತೆಗೆಯುತ್ತೇನೆ. ಸಪ್ಪೆ ಅಂತ ಎರಡು ಸಲ ವಾಪಸ್ ಬಂದಿದೆ.

ಆ ಹಳೇ ವಿಡಿಯೊ ಕಳೆದ ವಾರ ನನ್ನ ಫೋನಿಗೇ ಬಂತು, ಬೇರೆ ಯಾವುದೋ ಊರಿನ ಹೆಸರು ಹಾಕಿಕೊಂಡು. ಕಳಿಸಿದವರು ನಮ್ಮ ಸೋದರತ್ತೆ. ಕೆಳಗೆ ಬರೆದಿದ್ದರು: “ಹುಷಾರು ಕಣೋ, ರಾತ್ರಿ ಬೈಕಲ್ಲಿ ಒಬ್ನೇ ಓಡಾಡ್ಬೇಡ.”